ತುಕ್ಕು ಹಿಡಿಯದ ಡಿಸ್ಕ್

"ಭಾನುವಾರ ಸಂಜೆ ನಮ್ಮ ಉಪ್ಪ ಒಂದು ತಪ್ಪು ಒಪ್ಪಿಕೊಳ್ಳಲಿಕ್ಕೆ ಹೋಗ್ತಾರೆ ಮೇಡಂ. ನೀವು ಅದನ್ನು ತಡೀಬೇಕು."

ಕೊಡೆ ಮಡಚುವ ಮೊದಲೇ ಆ ಹುಡುಗಿ ಹೇಳಿದ್ದು ಇಷ್ಟು. ಹೆಸರು ಫಿದಾ. ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ ಬೈಕಿನ ಗ್ಯಾರೇಜು ನಡೆಸುವ ಹಸೈನಾರ್ ಅವರ ಮಗಳು, ಮೂಡುಬಿದಿರೆಯಲ್ಲಿ ಕಾಲೇಜು ಓದುತ್ತಿದ್ದವಳು. ಶಶಿಪ್ರಭಕ್ಕ ಅವಳನ್ನು ಜಗಲಿಯಲ್ಲಿ ಕೂರಿಸಿ, ತಲೆ ಒರೆಸಿಕೊಳ್ಳಲು ಬೈರಾಸು ಕೊಟ್ಟು, "ಮಾಡದ ತಪ್ಪೋ?" ಎಂದು ಕೇಳಿದರು.

"ಅದೇ ಗೊತ್ತಿಲ್ಲ. ಅವರಿಗೇ ಗೊತ್ತಿಲ್ಲ."

ಆ ಉತ್ತರಕ್ಕೆ ಶಶಿಪ್ರಭಕ್ಕ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು. ಅಪಘಾತವಾದ ಗಾಡಿಗಳನ್ನು ಇನ್ಶೂರೆನ್ಸಿನವರ ಪರವಾಗಿ ಪರೀಕ್ಷಿಸುವ ಸರ್ವೇಯರ್ ಆಗಿ ಅವರು ಇಡೀ ಉದ್ಯೋಗಕಾಲ ಕಳೆದವರು. ನಿವೃತ್ತಿಯಾದ ಮೇಲೂ ಜನ ಹುಡುಕಿಕೊಂಡು ಬರುವುದು ನಿಂತಿರಲಿಲ್ಲ. ನಾನು ನೋಣಯ್ಯ, ಅವರ ಪಕ್ಕದ ಮನೆಯವನು. ಅವರ ಕಾರು ಓಡಿಸುವುದು, ಜೊತೆಗೆ ಹೋಗಿ ಸುಮ್ಮನೆ ಕೂತು ಕೇಳುವುದು ನನ್ನ ಪಾಲಿನ ಕೆಲಸ. ಮಳೆ ಬಿಡದ ಆಟಿ ತಿಂಗಳ ಸಂಜೆಗಳಲ್ಲಿ ನಮ್ಮಪ್ಪ ದೀಪದ ಮುಂದೆ ಕುಳಿತು ಪುರಾಣದ ಪದ್ಯಗಳನ್ನು ರಾಗವಾಗಿ ಓದುತ್ತಿದ್ದರು. ಅಕ್ಷರ ಕಲಿಯುವ ಮೊದಲೇ ನಾನು ಕೇಳುವುದನ್ನು ಕಲಿತೆ. ಹಾಗಾಗಿ ಯಾರು ಏನು ಹೇಳಿದರೂ ಅದೇ ಮಾತಿನಲ್ಲಿ ನೆನಪಿರುತ್ತದೆ. ಅರ್ಥ ಹೇಳು ಅಂದರೆ ಮಾತ್ರ ತಬ್ಬಿಬ್ಬಾಗುತ್ತೇನೆ. ಅರ್ಥ ಶಶಿಪ್ರಭಕ್ಕನ ಪಾಲು.

ಫಿದಾ ಹೇಳಿದ ಸಂಗತಿ ಹೀಗಿತ್ತು. ನಾರಾವಿಯ ಸುಧಾಕರ ಶೆಟ್ಟರ ಮಗ ಉಜ್ವಲ್, ಬಂಟ್ವಾಳದಲ್ಲಿ ಹೋಟೆಲು ಇಟ್ಟವನು, ಒಂದು ಕ್ರೂಸರ್ ಬೈಕು ಕೊಂಡಿದ್ದ. ಉದ್ದ, ಭಾರದ ಗಾಡಿ. ಕುಳಿತರೆ ಆರಾಮ ಕುರ್ಚಿಯಲ್ಲಿ ಕಾಲು ಚಾಚಿದ ಹಾಗೆ. ಆ ಭಾರಕ್ಕೆ ಮುಂದಿನ ಬ್ರೇಕು ಸಾಲದೆಂದು ಹಸೈನಾರ್ ಬಳಿ ಅದನ್ನು ಬದಲಾಯಿಸಿಕೊಂಡ. ಸಣ್ಣ ಡಿಸ್ಕಿನ ಜಾಗಕ್ಕೆ ದೊಡ್ಡ ಡಿಸ್ಕು, ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ದೊಡ್ಡ ಕ್ಯಾಲಿಪರು, ಹೊಸ ಪ್ಯಾಡು, ಉಕ್ಕಿನ ಹೆಣಿಗೆಯ ಪೈಪು. ಸೋಣ ತಿಂಗಳ ಸಂಕ್ರಮಣದ ದಿನ ಗಾಡಿ ಮನೆಗೆ ಒಯ್ದ. ಮರುದಿನ ಬೆಳಿಗ್ಗೆ ಹೋಟೆಲಿಗೆ ಹೊರಟು, ಮನೆಯಿಂದ ಸ್ವಲ್ಪ ದೂರದ ಇಳಿಜಾರಿನ ತಿರುವಿನಲ್ಲಿ ಬ್ರೇಕು ಹಿಡಿಯದೆ ನೇರ ಚರಂಡಿಗೆ ಇಳಿದ. ಕಾಲು ಮುರಿಯಿತು, ತಲೆಗೆ ಪೆಟ್ಟು. ಈಗ ಮೂಡುಬಿದಿರೆಯ ಆಸ್ಪತ್ರೆಯಲ್ಲಿದ್ದಾನೆ.

"ಶೆಟ್ರು ಪೊಲೀಸಿಗೆ ಹೋಗಲಿಲ್ಲ," ಎಂದಳು ಫಿದಾ. "ಭಾನುವಾರ ಅವರ ಮನೆಯ ದೈವದ ಚಾವಡಿಯಲ್ಲಿ ನಿಂತು 'ನನ್ನ ಕೆಲಸದಲ್ಲಿ ಕುಂದಿಲ್ಲ' ಅಂತ ಒಂದು ಮಾತು ಹೇಳಲಿ, ಹೇಳಲಿಕ್ಕೆ ಆಗದಿದ್ದರೆ ಗ್ಯಾರೇಜಿಗೆ ಬೀಗ ಹಾಕಲಿ ಅಂತ ಹೇಳಿ ಕಳಿಸಿದ್ದಾರೆ. ಉಪ್ಪ ಆ ಮಾತು ಹೇಳುವುದಿಲ್ಲ ಅಂತಾರೆ. ಬೀಗದ ಕೀಯನ್ನು ಈಗಲೇ ಕಿಸೆಯಲ್ಲಿ ಇಟ್ಟುಕೊಂಡಿದ್ದಾರೆ."

"ಹೋಗುವ ನೋಣಯ್ಯ," ಎಂದು ಶಶಿಪ್ರಭಕ್ಕ ಎದ್ದರು.

ಲಾಯಿಲದ ಗ್ಯಾರೇಜಿನಲ್ಲಿ ಹಸೈನಾರ್ ಒಬ್ಬರೇ ಕುಳಿತಿದ್ದರು. ಎದುರಿಗೆ ಬಿಚ್ಚಿಟ್ಟ ಸ್ಕೂಟರೊಂದು ಹಾಗೆಯೇ ಬಿದ್ದಿತ್ತು. ಬಣ್ಣಬಣ್ಣದ ಬನಿಯನ್ ಬಟ್ಟೆಯ ಚಿಂದಿಗಳು ಡಬ್ಬದಲ್ಲಿ ತುಂಬಿದ್ದವು, ಅದರಲ್ಲಿ ಕೆಂಪೂ ಇತ್ತು. ಶಶಿಪ್ರಭಕ್ಕ ಕೇಳುತ್ತ ಹೋದಂತೆ ಅವರು ಒಂದೊಂದಾಗಿ ಹೇಳಿದರು. ಡಿಸ್ಕು ಬೀಡು ಕಬ್ಬಿಣದ್ದು. ಸ್ಟೀಲಿಗಿಂತ ಹಿಡಿತ ಹೆಚ್ಚು, ಆದರೆ ಮಳೆಗಾಲದಲ್ಲಿ ಒಂದು ರಾತ್ರಿ ಬಿಟ್ಟರೆ ಮೇಲೆ ಕೆಂಪು ಬರುತ್ತದೆ. ಅದು ದೋಷವಲ್ಲ, ಮೊದಲ ಸಲ ಬ್ರೇಕು ಹಿಡಿದಾಗಲೇ ಉದುರಿಹೋಗುತ್ತದೆ ಎಂದು ಉಜ್ವಲ್‌ಗೂ ತಿಳಿಸಿದ್ದರು. ಹೊಸ ಪ್ಯಾಡು ಕೂರುವ ತನಕ ಹಿಡಿತ ಸ್ವಲ್ಪ ಕಡಿಮೆಯೇ ಇರುತ್ತದೆ, ಹಗುರವಾಗಿ ಹಿಡಿಯಿರಿ ಎಂದೂ ಹೇಳಿದ್ದರು. ಜೋರು ಮಳೆಯಿದ್ದುದರಿಂದ ತಾವು ಗಾಡಿಯನ್ನು ಗ್ಯಾರೇಜಿನ ಮುಂದೆ ಮೆಲ್ಲ ಓಡಿಸಿ ನೋಡಿದ್ದು ಮಾತ್ರ.

"ಹಾಗಾದರೆ ತಪ್ಪು ಯಾವುದು ಹಸೈನಾರ್?"

ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಹೊಸ ಡಿಸ್ಕು ಬರುವಾಗ ಮೇಲೆ ಎಣ್ಣೆ ಇರ್ತದೆ ಅಕ್ಕ. ತುಕ್ಕು ಹಿಡಿಯದ ಹಾಗೆ ಕಂಪೆನಿಯವರೇ ಹಚ್ಚಿ ಕಳಿಸುವುದು. ಅದನ್ನು ತೊಳೆದೇ ಹಾಕಬೇಕು. ಇಲ್ಲದಿದ್ದರೆ ಪ್ಯಾಡು ಎಣ್ಣೆ ಕುಡೀತದೆ, ಮತ್ತೆ ಎಷ್ಟು ಒತ್ತಿದರೂ ಜಾರುವುದೇ. ಆ ದಿನ ಡಿಸ್ಕು ಕೈಯಲ್ಲಿ ಹಿಡಿದಾಗ ಬಾಂಗು ಕೇಳಿತು. ಇಟ್ಟು ನಮಾಜಿಗೆ ಹೋದೆ. ತೊಳೆದು ಹೋದೆನೋ, ಬಂದು ತೊಳೆಯುವ ಅಂತ ಹೋದೆನೋ, ಅದು ತಲೆಯಲ್ಲಿ ಇಲ್ಲ. ಬಂದವನು ಬೋಲ್ಟು ಬಿಗಿದದ್ದು ಮಾತ್ರ ನೆನಪುಂಟು."

"ನೀವು ಯಾವತ್ತಾದರೂ ತೊಳೆಯದೆ ಹಾಕಿದ್ದುಂಟಾ?"

"ಇಲ್ಲ. ಆದರೆ ಇಲ್ಲ ಅನ್ನುವುದು ಅಭ್ಯಾಸದ ಮಾತು. ಆ ದಿನದ ಮಾತಲ್ಲವಲ್ಲ. ನೋಡದ್ದನ್ನು ನೋಡಿದೆ ಅಂತ ಚಾವಡಿಯಲ್ಲಿ ನಿಂತು ಹೇಗೆ ಹೇಳಲಿ? ಅವರ ಮಗನ ಕಾಲು ಮುರಿದದ್ದು ನಿಜ."

ಫಿದಾ ಮುಖ ಅತ್ತ ತಿರುಗಿಸಿಕೊಂಡಳು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು, ಜೊತೆಗೆ ಹೆದರಿಕೆಯೂ ಆಯಿತು. ಅವರ ಮಾತು ಕೇಳಿದಷ್ಟೂ ತಪ್ಪು ಅವರದೇ ಎಂದು ಅನಿಸುತ್ತಿತ್ತು.

ಅಲ್ಲಿಂದ ನಾವು ಆಸ್ಪತ್ರೆಗೆ ಹೋದೆವು. ಉಜ್ವಲ್ ಎಚ್ಚರವಿದ್ದ, ಆದರೆ ಮಂಪರಿನಲ್ಲಿದ್ದ. ಶಶಿಪ್ರಭಕ್ಕನನ್ನು ನರ್ಸ್ ಎಂದುಕೊಂಡು ಚಾದಲ್ಲಿ ಸಕ್ಕರೆ ಇಲ್ಲವೆಂದು ದೂರಿದ. ಗಾಡಿ ತಂದ ಸಂಜೆಯ ನೆನಪು ಅವನಿಗೆ ಇರಲೇ ಇಲ್ಲ. ದಾರಿಯಲ್ಲಿ ಬ್ರೇಕು ಹೇಗಿತ್ತು ಎಂದರೆ ಯಾವ ದಾರಿ ಎಂದು ಕೇಳುತ್ತಿದ್ದ. ಆದರೆ ಬಿದ್ದ ಗಳಿಗೆಯ ಬಗ್ಗೆ ಮಾತ್ರ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ.

"ಬ್ರೇಕಿನ ಲಿವರು ಗಟ್ಟಿ ಇತ್ತು. ಕಲ್ಲು ಹಿಡಿದ ಹಾಗೆ. ನಾನು ಹಿಡಿದೇ ಇದ್ದೆ, ಗಾಡಿ ಹೋಗ್ತಾ ಇತ್ತು."

"ಹೀಗೇ ಏನಾದರೂ ಹೇಳ್ತಾರೆ," ಎಂದು ಅವನ ಹೆಂಡತಿ ವಿಜೇತಾ ನಮ್ಮನ್ನು ಹೊರಗೆ ಕರೆದಳು. "ಬ್ರೇಕು ಗಟ್ಟಿ ಇದ್ದರೆ ಗಾಡಿ ನಿಲ್ಲಬೇಕಲ್ಲ. ತಲೆಗೆ ಪೆಟ್ಟಾಗಿದೆ, ಎಂಥದು ಮಾಡುವುದು."

ನನಗೂ ಹಾಗೆಯೇ ಅನಿಸಿತ್ತು. ಗಟ್ಟಿಯೂ ಹೌದು, ನಿಲ್ಲಲಿಲ್ಲವೂ ಹೌದು ಅಂದರೆ ಏನು? ಶಶಿಪ್ರಭಕ್ಕ ಮಾತ್ರ ಅವಳನ್ನು ಬೆಂಚಿನ ಮೇಲೆ ಕೂರಿಸಿ ಆ ಸಂಜೆಯ ಬಗ್ಗೆ ವಿಚಾರಿಸಿದರು. ಉಜ್ವಲ್ ಬಂದು ಚಾ ಕುಡಿಯುತ್ತ ಹೊಸ ಬ್ರೇಕಿನ ಗುಣ ಹೊಗಳಿದ್ದನಂತೆ. ಈ ಕಬ್ಬಿಣಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ ಎಂದು ಅವನು ನಗುತ್ತ ಹೇಳಿದಾಗ ಮಾವನಿಗೆ ಸಿಟ್ಟು ಬಂದಿತ್ತು. ಹೊಸ ಕಬ್ಬಿಣಕ್ಕೆ ಒಂದೇ ರಾತ್ರಿಗೆ ತುಕ್ಕೆಂದರೆ ಆ ಹಸೈನಾರ್ ಎಂಥ ಮಾಲು ಹಾಕಿ ಕೊಟ್ಟಿದ್ದಾನೆ ಎಂದು ಗೊಣಗುತ್ತ ಅವರು ಸಂಕ್ರಮಣದ ದೀಪಕ್ಕೆ ಎದ್ದು ಹೋಗಿದ್ದರು. ಉಜ್ವಲ್ ಸ್ನಾನಕ್ಕೆ ಹೋಗಿದ್ದ.

ಅಷ್ಟು ಹೇಳಿ ವಿಜೇತಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದಳು. "ಒಂದು ಮಾತು ಉಂಟು ಅಕ್ಕ. ಆ ಗಾಡಿ ನನಗೆ ಮೊದಲಿನಿಂದ ಆಗುವುದಿಲ್ಲ. ಅದು ಮತ್ತೆ ಗೇಟು ದಾಟದ ಹಾಗೆ ಮಾಡು ಅಂತ ಆ ಸಂಜೆ ದೈವದ ಹತ್ತಿರ ಬೇಡಿಕೊಂಡಿದ್ದೆ. ಕೇಳಿದ್ದು ತಪ್ಪಾಯ್ತೋ ಏನೋ. ಮಾವನ ಹತ್ತಿರ ಹೇಳಬೇಡಿ."

"ನೀನು ಗಾಡಿ ಮುಟ್ಟಿದೆಯಾ?"

"ಅದರ ಕಡೆ ಕಣ್ಣೂ ಹಾಯಿಸಲಿಲ್ಲ."

ಮರುದಿನ ನಾರಾವಿಗೆ ಹೋದೆವು. ಸುಧಾಕರ ಶೆಟ್ಟರು ನಮ್ಮನ್ನು ಮರ್ಯಾದೆಯಿಂದಲೇ ಒಳಗೆ ಕರೆದರು. ಶಶಿಪ್ರಭಕ್ಕ ಅವರಿಗೆ ದೂರದ ಸಂಬಂಧ. ಯಾವ ಕಡೆಯಿಂದ ಎಂದು ಹೇಳಿ ಮುಗಿಯುವಾಗ ಎಳನೀರು ಖಾಲಿಯಾಗಿತ್ತು. ಆದರೆ ಹಸೈನಾರ್ ಹೆಸರು ಬಂದ ಕೂಡಲೇ ಮುಖ ಬಿಗಿಯಿತು. ಮಗ ಗಾಡಿ ತಂದು ಶೆಡ್ಡಿಗೆ ಹಾಕಿದ, ಬೆಳಿಗ್ಗೆ ತೆಗೆದ, ನಡುವೆ ಮನೆಯವರು ಯಾರೂ ಅದಕ್ಕೆ ಕೈ ಹಾಕಿಲ್ಲ, ಹಾಗಾದರೆ ತಪ್ಪು ಇನ್ನು ಯಾರದ್ದು ಎಂದು ಅವರು ಕೇಳಿದರು.

"ಆ ಸಂಜೆ ನೀವು ಎಲ್ಲಿದ್ದಿರಿ?"

"ನನಗೆ ಸಂಕ್ರಮಣದ ಕೆಲಸ. ದೀಪ, ಹೂವು, ಆಯುಧಗಳದ್ದು. ಕೋಲ ಇಲ್ಲದಿದ್ದರೂ ತಿಂಗಳಿಗೊಮ್ಮೆ ಅದನ್ನು ನಾನೇ ಮಾಡಬೇಕು. ಗಾಡಿಯ ರಿಪೇರಿಯಲ್ಲಿ ನನಗೆ ಏನೂ ಗೊತ್ತಾಗುವುದಿಲ್ಲ."

ಅಂಗಳದ ಆಚೆ ದೈವದ ಕೋಣೆಯ ಬಾಗಿಲು ತೆರೆದಿತ್ತು. ನಾನು ಕೈ ಮುಗಿದೆ. ಮಣೆಯ ಮೇಲೆ ಕೆಂಪು ರೇಷ್ಮೆಯ ಪಟ್ಟೆಯನ್ನು ಹಾಸಿ ಇಟ್ಟಿದ್ದ ಹಳೆಯ ಕತ್ತಿ ದೀಪದ ಬೆಳಕಿನಲ್ಲಿ ಹೊಳೆಯುತ್ತಿತ್ತು. ಈ ಮಳೆಯಲ್ಲೂ ಅದರ ಮೇಲೆ ಒಂದು ಕಲೆ ಇರಲಿಲ್ಲ.

ಶೆಟ್ಟರ ಸೋದರಳಿಯ ರೋಹಿತ್ ನಮ್ಮನ್ನು ಶೆಡ್ಡಿಗೆ ಕರೆದೊಯ್ದ. ಚರಂಡಿಯಿಂದ ಎತ್ತಿ ತಂದ ಗಾಡಿ ಹ್ಯಾಂಡಲು ತಿರುಚಿಕೊಂಡು ಅಲ್ಲಿ ನಿಂತಿತ್ತು. ಈ ಗಾಡಿಯನ್ನು ತಾನು ಕೊಳ್ಳಬೇಕೆಂದಿದ್ದಾಗ ಮಾವ ಬೇಡವೆಂದದ್ದು, ಮಗ ಕೊಂಡಾಗ ಸುಮ್ಮನಾದದ್ದು, ಇದನ್ನು ಅವನು ನಗುತ್ತಲೇ ಹೇಳಿದ. ನಗು ಕಣ್ಣಿನ ತನಕ ಬರಲಿಲ್ಲ. ಆ ಸಂಜೆ ಗಾಡಿ ಮುಟ್ಟಿದ್ದುಂಟೋ ಎಂದು ಕೇಳಿದರೆ, "ನನಗೆ ಯಾಕೆ ಮಾರಾಯ್ರೇ ಅವನ ಗಾಡಿ," ಎಂದ.

ಶಶಿಪ್ರಭಕ್ಕ ಮೊದಲು ಹ್ಯಾಂಡಲಿನ ಲಿವರನ್ನು ಒತ್ತಿದರು. ಕಲ್ಲಿನಂತೆ ಗಟ್ಟಿಯಿತ್ತು. ಪೈಪಿನ ಉದ್ದಕ್ಕೂ ಬೆರಳಾಡಿಸಿದರು, ಎಲ್ಲೂ ತೇವವಿಲ್ಲ. ಆಮೇಲೆ ಕೆಳಗೆ ಕುಳಿತು ಡಿಸ್ಕನ್ನು ನೋಡತೊಡಗಿದರು. ಅವರ ಹಿಂದೆ ನಿಂತ ನನಗೆ ಏನೋ ಸರಿಯಿಲ್ಲ ಎನಿಸಿತು, ಏನೆಂದು ಹೊಳೆಯಲಿಲ್ಲ. ಶೆಡ್ಡಿನ ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ಕೆಂಪಾಗಿತ್ತು. ಬಾಗಿಲಿನ ಚಿಲಕ ಕೆಂಪಾಗಿತ್ತು. ಇಷ್ಟು ದಿನ ಎರಚಲಿಗೆ ಬಿದ್ದಿದ್ದ ಡಿಸ್ಕು ಮಾತ್ರ ಬೆಳ್ಳಗಿತ್ತು.

"ಅಕ್ಕ, ಇದು ಒಂದು ರಾತ್ರಿಗೇ ಕೆಂಪಾಗ್ತದೆ ಅಂತ ಹಸೈನಾರ್ ಹೇಳಿದ್ದಲ್ವಾ?"

"ಹೇಳಿದ್ದು," ಎಂದರು ಅವರು. "ಚೆನ್ನಾಗಿ ಕೇಳಿಸಿಕೊಂಡಿದ್ದೀ."

ಒಂದು ಬಿಳಿ ಕಾಗದದ ಚೂರಿನಿಂದ ಅವರು ಡಿಸ್ಕನ್ನು ಒರೆಸಿದರು. ಪ್ಯಾಡು ತಾಗುವ ಅಂಚಿನಲ್ಲಿ ಮಾತ್ರವಲ್ಲ, ಪ್ಯಾಡು ಯಾವತ್ತೂ ತಲುಪದ ಒಳಗಿನ ಕಬ್ಬಿಣದ ತೋಳುಗಳ ಮೇಲೂ ಕಾಗದ ಜಿಡ್ಡಾಯಿತು. ಪಕ್ಕದ ಟಯರಿಗೆ, ರಿಮ್ಮಿಗೆ ಒಂದು ಹನಿ ತಾಗಿರಲಿಲ್ಲ. ಡಿಸ್ಕಿನ ಸಣ್ಣ ತೂತೊಂದರಿಂದ ಚಿಮಟದಲ್ಲಿ ಒಂದು ಕೆಂಪು ನೂಲನ್ನು ಎಳೆದರು. ನನಗೆ ಹಸೈನಾರ್ ಅವರ ಚಿಂದಿಯ ಡಬ್ಬ ನೆನಪಾಯಿತು. ಶಶಿಪ್ರಭಕ್ಕ ನೂಲನ್ನು ಬೆಳಕಿಗೆ ಹಿಡಿದು ನೋಡಿ ಕರ್ಚೀಫಿನಲ್ಲಿ ಸುತ್ತಿಕೊಂಡರು.

ಬಳಿಕ ರೋಹಿತ್‌ನಿಂದ ಪಾನಾ ಪಡೆದು ತಾವೇ ಒಂದು ಪ್ಯಾಡು ಬಿಚ್ಚಿ, ಅದರ ಕೆಳಗೆ ಲೈಟರು ಹಿಡಿದರು. ಪ್ಯಾಡಿನಿಂದ ತೆಳ್ಳಗೆ ಹೊಗೆ ಎದ್ದಿತು. ಗ್ಯಾರೇಜಿನ ವಾಸನೆಯಲ್ಲ, ಅಡಿಗೆಮನೆಯ ತೆಂಗಿನೆಣ್ಣೆಯ ವಾಸನೆಯೂ ಅಲ್ಲ. ಕಹಿಯಾದ, ಭಾರವಾದ ವಾಸನೆ. ಎಲ್ಲೋ ಬಾಯಿಪಾಠ ಬರುತ್ತಿದ್ದ ಪದ್ಯದ ಮೊದಲ ಸಾಲು ನಾಲಿಗೆಯ ತುದಿಗೆ ಬಂದು ನಿಂತ ಹಾಗೆ ನನಗೆ ಚಡಪಡಿಕೆಯಾಯಿತು.

ಹೊರಡುವಾಗ ಗೇಟಿನ ಒಳಗೆ, ಪಾಚಿಗಟ್ಟಿದ ಸಿಮೆಂಟಿನ ದಾರಿಯಲ್ಲಿ ಶಶಿಪ್ರಭಕ್ಕ ನಿಂತರು. ಅಲ್ಲಿ ಪಾಚಿ ಕಿತ್ತುಬಂದು ಒಂದು ಗೆರೆ ಎಳೆದ ಹಾಗೆ ಗುರುತಾಗಿತ್ತು. ಅದರ ಅಗಲವನ್ನು ಕೊಡೆಯ ಕಡ್ಡಿಯಿಂದ ಅಳೆದು, ಶೆಡ್ಡಿಗೆ ಮರಳಿ ಹೋಗಿ ಗಾಡಿಯ ಎರಡೂ ಟಯರುಗಳಿಗೆ ಹಿಡಿದು ನೋಡಿದರು. ಅದು ಮುಂದಿನ ಟಯರಿನ ಗುರುತು. ರೋಹಿತ್ ತನ್ನ ಚಪ್ಪಲಿಯನ್ನು ನೋಡುತ್ತ ನಿಂತಿದ್ದ.

ಕಾರು ಓಡಿಸುತ್ತ ನಾನು ಲೆಕ್ಕ ಹಾಕುತ್ತಿದ್ದೆ. ನೂಲು ಗ್ಯಾರೇಜಿನದ್ದೇ? ಗೆರೆ ಯಾರದ್ದು? ಬೇಡಿಕೊಂಡವಳು ಮುಟ್ಟಲಿಲ್ಲ, ಮುಟ್ಟಿರಬಹುದಾದವನು ಒಪ್ಪುತ್ತಿಲ್ಲ, ಹಸೈನಾರ್‌ಗೆ ನೆನಪಿಲ್ಲ, ಬಿದ್ದವನಿಗೆ ಬುದ್ಧಿ ನೆಟ್ಟಗಿಲ್ಲ. ಒಂದು ಎಳೆ ಹಿಡಿದರೆ ಇನ್ನೊಂದು ಕಳಚುತ್ತಿತ್ತು. ವೇಣೂರು ದಾಟುವಾಗ ಇದ್ದಕ್ಕಿದ್ದ ಹಾಗೆ ಅಪ್ಪನ ದನಿ ಕಿವಿಯಲ್ಲಿ ಕೇಳಿಸಿತು, ಅದರ ಹಿಂದೆಯೇ ದೀಪದ ಹೊಗೆ ಮೂಗಿಗೆ ಬಂತು.

"ಅಕ್ಕ, ಅದು ಹೊನ್ನೆ ಎಣ್ಣೆ. ಅಪ್ಪ ಪುರಾಣ ಓದುವಾಗ ಅದನ್ನೇ ದೀಪಕ್ಕೆ ಹಾಕ್ತಿದ್ದದ್ದು. ಈಗ ಯಾರೂ ಉರಿಸುವುದಿಲ್ಲ, ಸಿಗುವುದೂ ಕಷ್ಟ."

ಶಶಿಪ್ರಭಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. "ಯಾರೂ ಉರಿಸುವುದಿಲ್ಲವಾ?" ಎಂದು ಮೆಲ್ಲಗೆ ಕೇಳಿದರು.

ಭಾನುವಾರ ಸಂಜೆ ಚಾವಡಿಯಲ್ಲಿ ಎಲ್ಲರೂ ಸೇರಿದರು. ಹಿಂದಿನ ದಿನವಷ್ಟೇ ಮನೆಗೆ ಬಂದಿದ್ದ ಉಜ್ವಲ್ ಪ್ಲಾಸ್ಟರಿನ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದ. ತಲೆ ತಿಳಿಯಾಗಿತ್ತು, ಆ ಸಂಜೆಯ ನೆನಪು ಮಾತ್ರ ಮರಳಿರಲಿಲ್ಲ. ಅವನ ಪಕ್ಕ ವಿಜೇತಾ, ಕಂಬಕ್ಕೆ ಒರಗಿ ರೋಹಿತ್. ಹಸೈನಾರ್ ಮೆಟ್ಟಿಲ ಕೆಳಗೆ ಮಗಳೊಂದಿಗೆ ನಿಂತಿದ್ದರು. ಕೂರಿ ಅಂದರೂ ಕೂರಲಿಲ್ಲ. ಶೆಟ್ಟರು ಅವರನ್ನು ನೋಡಿ, ಹೇಳುವುದಿದ್ದರೆ ಹೇಳಿ ಎಂದರು. ಹಸೈನಾರ್ ಕಿಸೆಗೆ ಕೈ ಹಾಕಿದರು. ಬೀಗದ ಕೀಯ ಸದ್ದು ನನಗೆ ಕೇಳಿಸಿತು.

"ಶೆಟ್ರೇ, ನಾನು..."

"ಸ್ವಲ್ಪ ನಿಲ್ಲಿ ಹಸೈನಾರ್," ಎಂದು ಶಶಿಪ್ರಭಕ್ಕ ನಡುವೆ ಬಂದರು. "ನೀವು ಹೇಳುವ ಮೊದಲು ನಾನು ಹೇಳ್ತೇನೆ. ಆಮೇಲೂ ನಿಮಗೆ ಹೇಳಬೇಕು ಅನಿಸಿದರೆ ಹೇಳಿ."

ಅವರು ಉಜ್ವಲ್‌ನಿಂದ ಆರಂಭಿಸಿದರು. ಲಿವರು ಗಟ್ಟಿ ಇತ್ತು, ಗಾಡಿ ನಿಲ್ಲಲಿಲ್ಲ ಎಂದು ಅವನು ಹೇಳಿದ್ದನ್ನು ಎಲ್ಲರೂ ಮಂಪರಿನ ಮಾತೆಂದು ಬಿಟ್ಟಿದ್ದರು. ಅದೇ ಸರಿಯಾದ ಮಾತು. ಪೈಪು ಸೋರಿದ್ದರೆ, ಒಳಗೆ ಗಾಳಿ ಉಳಿದಿದ್ದರೆ ಲಿವರು ಮೆತ್ತಗಾಗಿ ಹ್ಯಾಂಡಲಿಗೆ ಬಡಿಯುತ್ತಿತ್ತು. ಗಟ್ಟಿ ಇತ್ತೆಂದರೆ ಹಸೈನಾರ್ ಕಟ್ಟಿದ್ದು ಕಟ್ಟಿದ ಹಾಗೆಯೇ ಇತ್ತು, ಪ್ಯಾಡು ಡಿಸ್ಕನ್ನು ಒತ್ತಿಯೂ ಇತ್ತು. ಒತ್ತಿದರೂ ಜಾರಿತು. ಹಾಗೆ ಜಾರಬೇಕಾದರೆ ನಡುವೆ ಎಣ್ಣೆ ಇರಬೇಕು. ಎಣ್ಣೆ ಇತ್ತು ಕೂಡ; ಇಷ್ಟು ದಿನದ ಮಳೆಗೂ ಡಿಸ್ಕು ಕೆಂಪಾಗದೆ ಉಳಿದದ್ದು ಅದರಿಂದಲೇ.

"ಅದೇ ಅಕ್ಕ," ಎಂದರು ಹಸೈನಾರ್ ತಗ್ಗಿದ ದನಿಯಲ್ಲಿ. "ನಾನು ತೊಳೆದಿರಲಿಕ್ಕಿಲ್ಲ."

"ತೊಳೆದಿದ್ದೀರಿ. ಸಾಕ್ಷಿ ಆ ಗೇಟಿನ ಹತ್ತಿರ ಉಂಟು." ಅವರು ಪಾಚಿಯ ಮೇಲಿನ ಗೆರೆಯ ಕಡೆ ಕೈ ತೋರಿಸಿದರು. "ಮುಂದಿನ ಚಕ್ರ ಗಪ್ಪನೆ ನಿಂತು, ಗಾಡಿ ಅದನ್ನು ಎಳೆದುಕೊಂಡು ಹೋದ ಗುರುತು ಅದು. ಎಣ್ಣೆ ಕುಡಿದ ಬ್ರೇಕು ಚಕ್ರವನ್ನು ಹಾಗೆ ನಿಲ್ಲಿಸುವುದಿಲ್ಲ. ಬಿದ್ದ ಮೇಲೆ ಗಾಡಿಯನ್ನು ಎತ್ತಿ ತಂದದ್ದು, ಯಾರೂ ಓಡಿಸಲಿಲ್ಲ. ಅಂದರೆ ಗಾಡಿ ಈ ಮನೆಗೆ ಬಂದ ಮೇಲೆ, ಈ ದಾರಿಯಲ್ಲಿ, ಬ್ರೇಕು ಬಹಳ ಚೆನ್ನಾಗಿ ಹಿಡಿದಿತ್ತು. ಹಿಡಿದದ್ದು ಯಾರು ರೋಹಿತ್?"

ರೋಹಿತ್ ಕಂಬ ಬಿಟ್ಟು ನೆಟ್ಟಗೆ ನಿಂತ. "ಅವನು ಸ್ನಾನಕ್ಕೆ ಹೋದಾಗ ಒಂದು ಸುತ್ತು ತಂದೆ. ಗೇಟಿನ ಹತ್ತಿರ ಹಿಡಿದದ್ದೇ ತಡ, ಗಾಡಿಯ ಮೂಗು ಕೆಳಗೆ ಹೋಗಿ ನಾನೇ ಹಾರಿ ಬೀಳುವವ. ಶೆಡ್ಡಿನಲ್ಲಿ ಹಾಗೇ ಇಟ್ಟೆ. ನನ್ನಿಂದಲೇ ಏನೋ ಸಡಿಲ ಆಗಿರಬೇಕು ಅಂತ ಇಷ್ಟು ದಿನ ನಿದ್ದೆ ಇಲ್ಲ ಮಾವ."

"ಬಾಯಿ ಬಿಡಲಿಕ್ಕೆ ಏನಾಗಿತ್ತು ನಿನಗೆ?" ಎಂದು ಶೆಟ್ಟರು ಗದರಿದರು.

"ನೀವು ಕೇಳುವ ಹಾಗೆ ಕೇಳಿದ್ದರೆ ಹೇಳ್ತಿದ್ದೆ. ನೀವು ಗ್ಯಾರೇಜಿನ ಬ್ಯಾರಿಯನ್ನು ಮಾತ್ರ ಕೇಳಿದ್ದು."

ಶಶಿಪ್ರಭಕ್ಕ ಮುಂದುವರಿಸಿದರು. ಎಣ್ಣೆ ತಾಗಿದ್ದು ರೋಹಿತ್ ಗಾಡಿ ಇಟ್ಟ ಮೇಲೆ, ಬೆಳಿಗ್ಗೆ ಉಜ್ವಲ್ ಹೊರಡುವ ಮೊದಲು. ಚೆಲ್ಲಿದ್ದಲ್ಲ, ಯಾಕೆಂದರೆ ಟಯರಿಗೆ ಹನಿ ತಾಗಿಲ್ಲ. ಕೈಯಿಂದ ಒರೆಸಿ ಹಚ್ಚಿದ್ದು. ಕೆಡುಕು ಮಾಡಲು ಹಚ್ಚಿದ್ದೂ ಅಲ್ಲ. ಬ್ರೇಕು ಕೆಡಿಸಬೇಕು ಎನ್ನುವವರು ಪ್ಯಾಡು ತಾಗುವ ಅಂಚಿಗೆ ಒಂದಿಷ್ಟು ಸವರಿ ಹೋಗುತ್ತಾರೆ. ಒಳಗಿನ ತೋಳು, ತೂತು, ಮೂಲೆ, ಒಂದನ್ನೂ ಬಿಡದೆ ಒರೆಸುತ್ತ ಕೂರುವುದಿಲ್ಲ. ಹಾಗೆ ಒರೆಸುವುದು ಕಬ್ಬಿಣವನ್ನು ಪ್ರೀತಿಯಿಂದ ನೋಡಿಕೊಳ್ಳುವವರು.

"ಇನ್ನೊಂದು ಮಾತು," ಎಂದರು. "ನಾಲ್ಕು ದಿನದಿಂದ ಯಾರನ್ನು ನೋಡಿದರೂ ತನ್ನಿಂದಲೇ ಆಯಿತು ಅಂತ ಹೆದರಿದವರೇ. ಹಸೈನಾರ್ ಹೆದರಿದರು, ರೋಹಿತ್ ಹೆದರಿದ. ಮುಟ್ಟದೆ ಇದ್ದವರೂ ಹೆದರಿದರು." ವಿಜೇತಾಳ ಕಡೆ ಅವರು ನೋಡಲಿಲ್ಲ. "ಹೆದರದೆ ಇದ್ದವರು ಒಬ್ಬರೇ. ತಾನು ಗಾಡಿಯನ್ನು ಮುಟ್ಟಿದೆ ಅಂತಲೇ ಅವರಿಗೆ ಅನಿಸಿರಲಿಲ್ಲ." ನಂತರ ಶೆಟ್ಟರ ಕಡೆ ತಿರುಗಿ, ಮನೆಯವರ ಆರೋಗ್ಯ ವಿಚಾರಿಸುವ ಹಾಗೆ ಕೇಳಿದರು. "ನಿಮ್ಮ ದೈವದ ಕತ್ತಿಗೆ ಈ ಮಳೆಯಲ್ಲೂ ತುಕ್ಕಿಲ್ಲ. ಯಾವ ಎಣ್ಣೆ ಹಚ್ಚುವುದು ಅಣ್ಣ?"

ಶೆಟ್ಟರ ಮುಖ ಅರಳಿತು. "ಹೊನ್ನೆ ಎಣ್ಣೆ. ದೀಪಕ್ಕೂ ಅದೇ, ಆಯುಧಕ್ಕೂ ಅದೇ. ನೆರಿಯದ ಒಬ್ಬರು ಗಾಣ ಹಾಕಿಸಿ ಕೊಡ್ತಾರೆ. ಪಟ್ಟೆಯ ತುಂಡಿನಲ್ಲಿ ನಾನೇ ಒರೆಸುವುದು, ಬೇರೆಯವರ ಕೈಗೆ ಕೊಡುವ ಕ್ರಮ ಇಲ್ಲ."

ಶಶಿಪ್ರಭಕ್ಕ ಕರ್ಚೀಫು ಬಿಚ್ಚಿ ಕೆಂಪು ನೂಲನ್ನು ಅವರ ಮುಂದಿನ ಮಣೆಯ ಮೇಲಿಟ್ಟರು. ಗ್ಯಾರೇಜಿನ ಬನಿಯನ್ ಚಿಂದಿಯ ಹತ್ತಿ ನೂಲಾಗಿದ್ದರೆ ಎಣ್ಣೆ ಕುಡಿದು ಮಂಕಾಗುತ್ತಿತ್ತು. ಇದು ರೇಷ್ಮೆ, ಇನ್ನೂ ಮಿನುಗುತ್ತಿತ್ತು.

"ಸಂಕ್ರಮಣದ ದಿನ ಬಟ್ಟಲಿನಲ್ಲಿ ಎಣ್ಣೆ ಉಳಿದಿತ್ತಾ?"

"ಉಳೀತದೆ. ಉಳಿದದ್ದನ್ನು ಚೆಲ್ಲಬಾರದು, ಮನೆಯ ಕಬ್ಬಿಣಕ್ಕೆ ಕೊಡಬೇಕು. ಅಪ್ಪನ ಕಾಲದಿಂದ ಹಾಗೇ. ನೇಗಿಲಿದ್ದಾಗ ನೇಗಿಲಿಗೆ ಕೊಡ್ತಿದ್ದದ್ದು. ಈಗ ಇರುವುದು ಎಂಥದು? ಮಗ ಹೊಸ ಕಬ್ಬಿಣ ತಂದಿದ್ದ, ಒಂದೇ ರಾತ್ರಿಗೆ ತುಕ್ಕು ಹಿಡೀತದೆ ಅಂದ, ಅದಕ್ಕೆ ನಾನು..."

ಅವರು ನೂಲನ್ನು ನೋಡಿದರು, ಮಗನ ಕಾಲನ್ನು ನೋಡಿದರು, ಮತ್ತೆ ತಮ್ಮ ಬಲಗೈಯನ್ನು ನೋಡಿಕೊಂಡರು. ಅಷ್ಟು ಎತ್ತರದ ಮನುಷ್ಯ ಕುಳಿತಲ್ಲೇ ಸಣ್ಣದಾದ ಹಾಗೆ ಕಂಡಿತು.

"ಕಾಪಾಡಲಿ ಅಂತ ಹಚ್ಚಿದ್ದು," ಎಂದರು ಕೊನೆಗೆ. ಯಾರಿಗೆ ಹೇಳಿದರೆಂದು ತಿಳಿಯಲಿಲ್ಲ. "ದೈವದ ಕೋಣೆಯ ಎಣ್ಣೆ ಅಲ್ವಾ. ಅದು ಹೇಗೆ?"

ನನ್ನೊಳಗೂ ಅದೇ ಪ್ರಶ್ನೆ ಎದ್ದಿತ್ತು. ಹುಟ್ಟಿದಂದಿನಿಂದ ಆ ಎಣ್ಣೆಯ ದೀಪಕ್ಕೆ ಕೈ ಮುಗಿದವನು ನಾನು. ಉಜ್ವಲ್ ನೋವಿನಲ್ಲೂ ನಕ್ಕುಬಿಟ್ಟ. "ಪಪ್ಪ, ಕತ್ತಿ ಜಾರಬೇಕು, ಇದು ಹಿಡೀಬೇಕು. ಅಷ್ಟೇ ವ್ಯತ್ಯಾಸ."

ಹಸೈನಾರ್ ಮೊದಲ ಬಾರಿಗೆ ಮೆಟ್ಟಿಲು ಹತ್ತಿ ಚಾವಡಿಗೆ ಬಂದರು. ಅವರು ಏನು ಹೇಳುತ್ತಾರೋ ಎಂದು ನಾನು ಕಿವಿಗೊಟ್ಟೆ. ಹೇಳುವ ಹಕ್ಕು ಅವರಿಗಿತ್ತು.

"ಶೆಟ್ರೇ, ನನ್ನ ಮಗಳು ಮೊದಲ ಸಲ ಸ್ಕೂಟರು ತೆಗೆದ ದಿನ ನಾನೂ ದುವಾ ಓದಿ ಊದಿದ್ದೇನೆ, ಚಕ್ರದಿಂದ ಕನ್ನಡಿಯ ತನಕ. ಅಪ್ಪಂದಿರ ಕೈ ಸುಮ್ಮನೆ ಇರುವುದಿಲ್ಲ. ಆ ತುಕ್ಕು ದೋಷ ಅಲ್ಲ ಅಂತ ನಾನು ಉಜ್ವಲ್‌ಗೆ ಹೇಳಿದೆ, ಮನೆಯ ಹಿರಿಯರಿಗೂ ಹೇಳಿಬಿಡಿ ಅಂತ ಹೇಳಬೇಕಿತ್ತು."

ಶೆಟ್ಟರು ಎದ್ದು ನಿಂತರು. ಬೀಗದ ಕೀ ಇದ್ದ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅದನ್ನು ಹಾಗೆಯೇ ಮಡಚಿ ಹಸೈನಾರ್ ಅವರ ಕಿಸೆಯ ಕಡೆ ತಳ್ಳಿದರು. "ಚಾವಡಿಯಲ್ಲಿ ನಿಂತು ಹೇಳಬೇಕಾದವ ನಾನು," ಎಂದರು. ಹೇಳಿದರು ಕೂಡ, ದೈವದ ಬಾಗಿಲಿಗೆ ಮುಖ ಮಾಡಿ, ಎಲ್ಲರಿಗೆ ಕೇಳುವ ಹಾಗೆ: ತಪ್ಪು ನನ್ನದು, ಈ ಮನುಷ್ಯನ ಕೆಲಸದಲ್ಲಿ ಕುಂದಿಲ್ಲ. ಫಿದಾ ದುಪಟ್ಟಾದಿಂದ ಮುಖ ಒರೆಸಿಕೊಂಡಳು. ವಿಜೇತಾ ಒಳಗೆ ಹೋಗಿ, ಎಲ್ಲರಿಗೂ ಚಾ ತಂದಳು, ಈ ಸಲ ಉಜ್ವಲ್‌ಗೆ ಸಕ್ಕರೆ ಹಾಕಿ.

ಉಜ್ವಲ್ ಊರುಗೋಲಿನಲ್ಲಿ ನಡೆಯತೊಡಗಿದ ಮೇಲೆ ಶೆಟ್ಟರು ನಮಗೆ ಮತ್ತೆ ಹೇಳಿ ಕಳಿಸಿದರು. ಹಸೈನಾರ್ ಅದೇ ಶೆಡ್ಡಿನಲ್ಲಿ ಗಾಡಿ ಸರಿಮಾಡಿದ್ದರು. ಡಿಸ್ಕನ್ನು ಎಲ್ಲರ ಮುಂದೆ, ಮದುವೆಗೆ ಪಾತ್ರೆ ತೊಳೆದ ಹಾಗೆ ಮತ್ತೆ ಮತ್ತೆ ತೊಳೆದರು. ಹೊಸ ಪ್ಯಾಡು ಕೂರಿಸಿದರು. ಶೆಟ್ಟರು ಒಂದು ಗೊಂಚಲು ಕೇಪಳ ಹೂವನ್ನು ಹಿಡಿದು ದೂರವೇ ನಿಂತಿದ್ದರು.

"ಇದನ್ನು ಇಡಬಹುದಾ ಹಸೈನಾರ್?"

"ಹ್ಯಾಂಡಲಿಗೆ ಇಡಿ ಶೆಟ್ರೇ. ಕೆಳಗೆ ಬೇಡ."

ಅವರು ಹ್ಯಾಂಡಲಿಗೆ ಹೂ ಸಿಕ್ಕಿಸಿ, ಕೈ ಮುಗಿದು, ಯಾರೂ ನೆನೆಸದ ಹಾಗೆ ಪಂಚೆ ಎತ್ತಿ ಕಟ್ಟಿ ಹಿಂದಿನ ಸೀಟಿಗೆ ಕಾಲು ಹಾಕಿದರು. ಆ ಇಳಿಜಾರಿಗೇ ಹೋಗುವ ಎಂದರು. ಹಸೈನಾರ್ ಒಮ್ಮೆ ತಿರುಗಿ ನೋಡಿ, ಬಿಸ್ಮಿ ಹೇಳಿ, ಗಾಡಿ ಚಾಲೂ ಮಾಡಿದರು. ವಿಜೇತಾ ಗೇಟಿನ ತನಕ ಹೋಗಿ ನಿಂತಳು.

ತಿರುವು ನಮಗೆ ಕಾಣುತ್ತಿರಲಿಲ್ಲ. ನಾನು ಕಣ್ಣು ಮುಚ್ಚಿ ಕೇಳುತ್ತಿದ್ದೆ. ಎಂಜಿನಿನ ಸದ್ದು ಇಳಿಜಾರಿನಲ್ಲಿ ಜೋರಾಯಿತು, ಇನ್ನೂ ಜೋರಾಯಿತು, ಆಮೇಲೆ ಗಪ್ಪನೆ ತಗ್ಗಿತು. ಪದ್ಯದ ನಡುವೆ ಅಪ್ಪ ಉಸಿರು ತೆಗೆದುಕೊಳ್ಳುವಾಗ ಆಗುತ್ತಿದ್ದಂಥ ಮೌನ. ಶಶಿಪ್ರಭಕ್ಕ ನನ್ನ ತೋಳು ಹಿಡಿದರು. ಆಮೇಲೆ ಕೆಳಗಿನಿಂದ ಶೆಟ್ಟರ ನಗು ಕೇಳಿಸಿತು, ಅದರ ಹಿಂದೆಯೇ ಗಾಡಿ ಮೇಲೆ ಹತ್ತಿ ಬರುವ ಸದ್ದು.